ಮೂರನೇ ಲೈನಿನ ಕೆಳಗಿನ ಕಲ್ಲು

ಚಿನ್ನದಿಣ್ಣೆಯ ಗಣಿ ಮುಚ್ಚಿ ಎಷ್ಟೋ ವರ್ಷಗಳಾದ ಮೇಲೆ ಎಸ್ತರ್ ಹುಟ್ಟಿದ್ದು. ಆದರೂ ಆ ಊರು ಅವಳಿಗೆ ಬಾಯಿಪಾಠವಾಗಿತ್ತು. ಹೊಸೂರಿನ ಬಾಡಿಗೆ ಮನೆಯಲ್ಲಿ ಅವಳನ್ನು ಸಾಕಿದ ಸೋದರತ್ತೆ ಜಪಮಾಲಮ್ಮ ಕೈತುತ್ತು ಹಾಕುವಾಗಲೆಲ್ಲ ಹೇಳುತ್ತಿದ್ದುದು ಅದೊಂದೇ ಕಥೆ. ಗಣಿ ಕೆಲಸಗಾರರ ಲೈನುಗಳು, ಒಂದೇ ತಗಡಿನ ಸೂರಿನಡಿ ಗೋಡೆಗೆ ಗೋಡೆ ಅಂಟಿಸಿಕೊಂಡ ಮನೆಗಳು, ಈ ಮನೆಯ ಒಗ್ಗರಣೆಗೆ ಆ ಮನೆಯವರು ಸೀನುವುದು. ಭಾನುವಾರದ ಪೂಜೆ ಮುಗಿಸಿ ಬಂದವರು ಬೇಕರಿಯ ಮುಂದೆ ಬಿಸಿ ಬನ್ನಿಗೆ ನಿಲ್ಲುವುದು. ಶನಿವಾರ ಕ್ಲಬ್ಬಿನ ಹೊರಗೆ ಮಕ್ಕಳೆಲ್ಲ ಕಿಟಕಿ ಹಿಡಿದು ನೇತಾಡಿಕೊಂಡು ಒಳಗೆ ಹೌಸಿ ಎಂಬ ಚೀಟಿ ಆಟದ ನಂಬರು ಕೂಗುವುದನ್ನು ಕೇಳುವುದು. ಕೆಲವೊಮ್ಮೆ ಮೈಲುಗಟ್ಟಲೆ ಕೆಳಗೆ ಬಂಡೆ ಸಿಡಿದರೆ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಗುಲಿ ಸದ್ದಾಗುತ್ತಿತ್ತಂತೆ. ಹೆಂಗಸರು ಜಪಮಣಿ ಎಣಿಸುವುದನ್ನು ಒಂದು ಗಳಿಗೆ ನಿಲ್ಲಿಸಿ, ಕೆಳಗೆ ಪಾಳಿಯಲ್ಲಿ ಯಾರ್ಯಾರಿದ್ದಾರೆಂದು ನೆನೆದು, ಮತ್ತೆ ಎಣಿಸತೊಡಗುತ್ತಿದ್ದರಂತೆ.

ಆ ಊರು ಮತ್ತೆ ಬದುಕೀತೆಂದು ಯಾರೂ ನಂಬಿರಲಿಲ್ಲ. ಬದುಕಿತು. ಈ ಸಲ ಅದನ್ನು ಎಬ್ಬಿಸಿ ಕೂರಿಸಿದ್ದು ನೀರು. ಸೌರವಿದ್ಯುತ್ತು ಹಗಲಿನಲ್ಲಿ ಯಾರಿಗೂ ಬೇಡವಾಗುವಷ್ಟು ಹರಿದು, ಸೂರ್ಯ ಮುಳುಗಿದ ಕೂಡಲೇ ಸಾಲದೆ ಹೋಗುವ ಕಾಲ ಬಂದಿತ್ತು. ಹಗಲು ಮಿಕ್ಕ ವಿದ್ಯುತ್ತಿನಿಂದ ಗಣಿಯ ಆಳದ ನೀರನ್ನು ಮೇಲಿನ ಕೆರೆಗೆ ಎತ್ತಬೇಕು. ಸಂಜೆ ಅದೇ ನೀರನ್ನು ಬಾವಿಯಂತೆ ನೆಟ್ಟಗೆ ಇಳಿಯುವ ಗಣಿಯ ಶಾಫ್ಟಿನೊಳಗೆ ಕೆಡವಿ ತಳದ ಟರ್ಬೈನು ತಿರುಗಿಸಬೇಕು. ಇದು ಎಂಜಿನಿಯರ್ ವೆಂಕಟಾಚಲಪತಿಯವರ ಕನಸು. ಅವರ ತಂದೆ ಮೂರನೇ ಲೈನಿನಲ್ಲಿದ್ದುಕೊಂಡು ಇದೇ ಗಣಿಯಲ್ಲಿ ಕೆಲಸಗಾರರನ್ನು ಇಳಿಸಿ ಹತ್ತಿಸುವ ತೊಟ್ಟಿಲು ನಡೆಸುತ್ತಿದ್ದವರು. ಯೋಜನೆಗೆ ಒಪ್ಪಿಗೆ ಸಿಕ್ಕಾಗ ಚಲಪತಿ ಒಂದೇ ಷರತ್ತು ಹಾಕಿದ್ದರು: ಕೆಲಸ, ಮನೆ ಎರಡೂ ಮೊದಲು ಹಳೆಯ ಗಣಿ ಕುಟುಂಬಗಳಿಗೆ.

ಹಾಗೆ ಜನ ಹಿಂತಿರುಗಿದರು. ತಿರುಪ್ಪೂರಿನ ಗಾರ್ಮೆಂಟ್ಸಿನಿಂದ, ಬೆಂಗಳೂರಿನ ಸೆಕ್ಯುರಿಟಿ ಕೆಲಸದಿಂದ, ಎಲ್ಲೆಲ್ಲಿಂದಲೋ ಬಂದರು. ಗುಡ್ಡದ ಮೇಲಿನ ಎರಡು ಲೈನುಗಳು ತುಂಬಿದವು. ಕೆಳಗೆ ಶಾಫ್ಟಿಗೆ ಹತ್ತಿರವಿದ್ದ ಮೂರನೇ ಲೈನನ್ನು ಮೊದಮೊದಲು ಬೀಗ ಹಾಕಿಯೇ ಇಟ್ಟಿದ್ದರು. ಆಮೇಲೆ ಅದನ್ನೂ ರಿಪೇರಿ ಮಾಡಿ ಕೊಟ್ಟರು. ಜಪಮಾಲಮ್ಮ ತಾನು ಹುಟ್ಟಿದ ಮನೆಯ ಬಾಗಿಲನ್ನು ತಳ್ಳಿದ ದಿನ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟಿದ್ದಳು. "ಬಾಗಿಲು ಇಷ್ಟು ಚಿಕ್ಕದಾಗಿತ್ತಾ ಎಸ್ತರು?" ಎಂದು ನಕ್ಕಿದ್ದಳು. ನಗುವಾಗಲೇ ಕಣ್ಣೊರೆಸಿಕೊಂಡಿದ್ದಳು.

ಎಸ್ತರ್ ಓದಿದ್ದು ಸಂಖ್ಯಾಶಾಸ್ತ್ರ. ವಿದ್ಯುತ್ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಅವಳಿಗೆ ಕೆಲಸವಾಯಿತು.

ನೀರು ಹತ್ತಿ ಇಳಿದಂತೆಲ್ಲ ಆಳದ ಬಂಡೆಯ ಮೇಲಿನ ಒತ್ತಡ ಬದಲಾಗುತ್ತದೆ. ಬಂಡೆ ಅಲ್ಲಲ್ಲಿ ಸಣ್ಣಗೆ ಸಿಡಿಯುತ್ತದೆ. ಸಣ್ಣ ಸಿಡಿತ ಇದ್ದದ್ದೇ; ಆದರೆ ಅವು ಹೆಚ್ಚಾದರೆ ದೊಡ್ಡದೊಂದು ಬರಲಿದೆ ಎಂದರ್ಥ. ಮೊದಲ ತಂಡದವರು ಆಳದಲ್ಲಿ ಕಂಪನ ಹಿಡಿಯುವ ಉಪಕರಣಗಳನ್ನು ಇಟ್ಟು, ವರ್ಷಗಟ್ಟಲೆ ಸಿಡಿತಗಳನ್ನು ಎಣಿಸಿ, ನೀರಿನ ಮಟ್ಟ, ಬಂಡೆಯ ಬಿರುಕುಗಳಲ್ಲಿ ಸೋರುವ ನೀರು ಇವೆರಡಕ್ಕೂ ಸಿಡಿತದ ಎಣಿಕೆಗೂ ಇರುವ ಸಂಬಂಧವನ್ನು ಒಂದು ರಿಗ್ರೆಶನ್ ಮಾದರಿಯಲ್ಲಿ ಕೂರಿಸಿದ್ದರು. ಇವತ್ತಿನ ಮಟ್ಟ, ಸೋರಿಕೆ ಕೊಟ್ಟರೆ ದಿನಕ್ಕೆ ಎಷ್ಟು ಸಿಡಿತ ನಿರೀಕ್ಷಿಸಬಹುದು ಎಂದು ಅದು ಹೇಳಬೇಕು. ಹನ್ನೆರಡು ದಾಟಿದರೆ ಪಂಪು ನಿಲ್ಲಿಸಬೇಕು ಎಂಬುದು ನಿಯಮ. ಬರಬರುತ್ತ ಬಿಸಿನೀರಿಗೆ ಆಳದ ಉಪಕರಣಗಳು ಒಂದೊಂದಾಗಿ ಕೆಟ್ಟವು. ಅವುಗಳ ಬದಲಿಗೆ ಮಾದರಿಯೇ ಕೇಂದ್ರಕ್ಕೆ ಕಿವಿಯಾಯಿತು. ಆಗ ಅದು ಹತ್ತು, ಹನ್ನೊಂದು ಎಂದು ತೋರಿಸುತ್ತ ಎಲ್ಲರನ್ನೂ ತುದಿಗಾಲಿನಲ್ಲಿ ನಿಲ್ಲಿಸಿತ್ತು.

ಅದೇ ಬೇಸಿಗೆ ಕೇಂದ್ರವನ್ನು ಕೆಲಕಾಲ ಮುಚ್ಚಿ ಬಿರುಕುಗಳಿಗೆಲ್ಲ ಸಿಮೆಂಟು ತುಂಬಿಸಿದರು. ಹಳೆಯ ಕಂಪ್ಯೂಟರುಗಳನ್ನೂ ಬದಲಿಸಿದರು. ಮತ್ತೆ ಶುರುಮಾಡಿದಾಗ ನಿಯಂತ್ರಣ ಕೊಠಡಿಯ ಬೋರ್ಡಿನ ಮೇಲೆ ಬಂದ ಸಂಖ್ಯೆ ಎರಡು ಪಾಯಿಂಟ್ ಮೂರು. ಸಿಮೆಂಟು ಕೆಲಸ ಮಾಡಿದೆ, ಕಲ್ಲು ತಣ್ಣಗಾಗಿದೆ ಎಂದು ಸಿಹಿ ಹಂಚಿದರು. ಮೂರನೇ ಲೈನಿನ ಬೀಗ ತೆಗೆದದ್ದು ಆಮೇಲೆಯೇ.

ಎಸ್ತರಿಗೆ ಅನುಮಾನ ಬಂದದ್ದು ಒಂದು ಮೈನಸ್ ಚಿಹ್ನೆಯಿಂದ.

ವಾರ್ಷಿಕ ವರದಿಗಾಗಿ ಅವಳು ಬೋರ್ಡಿನ ಸಂಖ್ಯೆಗಳನ್ನು ಬಿಟ್ಟು ಮಾದರಿಯಿಂದ ನೇರವಾಗಿ ಬಂದ ಸಂಖ್ಯೆಗಳನ್ನು ತೆಗೆದು ನೋಡುತ್ತಿದ್ದಳು. ಪಕ್ಕದ ಮೇಜಿನಲ್ಲಿ ಪಂಪುಗಳ ಉಸ್ತುವಾರಿಯ ನಫೀಸಾ ಚಹಾ ಕುಡಿಯುತ್ತಿದ್ದಳು.

"ನಫೀಸಾ, ಕ್ರಿಸ್‌ಮಸ್ ವಾರ ನೋಡು. ಮೈನಸ್ ಸೊನ್ನೆ ಪಾಯಿಂಟ್ ಏಳು ಅಂತಿದೆ."

"ಆ ವಾರ ಪಂಪೆಲ್ಲ ನಿಲ್ಸಿದ್ವಲ್ಲ ಅಕ್ಕ. ಬೋರ್ಡಲ್ಲಿ ಸೊನ್ನೆ ಅಂತಾನೇ ಇತ್ತು."

"ಬೋರ್ಡು ಸೊನ್ನೆಗಿಂತ ಕೆಳಗೆ ತೋರ್ಸಲ್ಲ. ಒಳಗೆ ಮೈನಸ್ ಇದೆ. ಬಂಡೆ ಎಷ್ಟು ಸಲ ಸಿಡಿಯತ್ತೆ ಅಂದ್ರೆ ಮೈನಸ್ ಅನ್ನೋ ಉತ್ತರ ಹೆಂಗೆ ಬರತ್ತೆ?"

"ನೇರಗೆರೆಯ ಮಾದರಿ ತಾನೇ? ಗೆರೆ ಇಳೀತಾ ಇಳೀತಾ ಸೊನ್ನೆ ದಾಟಿ ಹೋಗಿರತ್ತೆ ಬಿಡಿ."

"ನೇರಗೆರೆ ಅಂತ ಯಾರು ಹೇಳಿದ್ದು?"

ನಫೀಸಾ ಚಹಾದ ಲೋಟ ಕೆಳಗಿಟ್ಟಳು. "ಪ್ರೋಗ್ರಾಮೇ ಪ್ರತಿ ಸಲ ಕೇಳಿ ನೋಡತ್ತಲ್ಲ ಅಕ್ಕ. ಕೇಳಿ, ಹೌದು ಅಂದ್ಮೇಲೇ ನಂಬರ್ ತೋರ್ಸೋದು."

ಎಸ್ತರ್ ಆ ಭಾಗವನ್ನು ತೆರೆದಳು. ಕಂಪ್ಯೂಟರು ಬದಲಿಸಿದ ಬೇಸಿಗೆಯಲ್ಲಿ ಬರೆದ ಸಾಲುಗಳು. ಅವು ಮಾದರಿಯನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ನೀನು ನೇರಗೆರೆಯ ಮಾದರಿಗಳ ಕುಲಕ್ಕೆ ಸೇರಿದವನೋ? ಹೌದೆಂದರೆ ಅದು ಕೊಟ್ಟ ಸಂಖ್ಯೆಯನ್ನು ಹಾಗೆಯೇ ಬೋರ್ಡಿಗೆ ಹಾಕುವುದು. ಮಾದರಿ ಹೌದೆನ್ನುತ್ತಲೇ ಬಂದಿತ್ತು. ನೀನು ಯಾರು ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಅವಳು ಕೇಳಿದಳು. ಒಂದೇ ಸಾಲಿನ ಆಜ್ಞೆ. ಮಾದರಿಯ ಜಾತಿ ಯಾವುದು ಎಂದು ಕೇಳುವ, ಕಾಲೇಜಿನ ಮೊದಲ ತಿಂಗಳಲ್ಲೇ ಕಲಿಯುವ ಆಜ್ಞೆ. ಪರದೆಯ ಮೇಲೆ ಎರಡು ಹೆಸರು ಮೂಡಿದವು. ಎರಡನೆಯದು ಎಲ್ಎಂ, ಅಂದರೆ ನೇರಗೆರೆ. ಅದಕ್ಕೂ ಮೊದಲು ಬಂದದ್ದು ಜಿಎಲ್ಎಂ.

ಜಿಎಲ್ಎಂ ಎನ್ನುವುದು ನೇರಗೆರೆಯ ಮಾದರಿಯಿಂದ ಹುಟ್ಟಿದ ಇನ್ನೊಂದು ಬಗೆ. ಆದ್ದರಿಂದ ಆ ಕುಲದವನೋ ಎಂದರೆ ಹೌದೆನ್ನುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಇದರ ನಡತೆಯೇ ಬೇರೆ. ಎಣಿಕೆಗಳಿಗಾಗಿ ಕಟ್ಟಿದ ಈ ಮಾದರಿ ಎಣಿಕೆಯನ್ನು ಹೇಳುವುದಿಲ್ಲ, ಎಣಿಕೆಯ ಲಾಗರಿದಮ್ ಹೇಳುತ್ತದೆ. ಅದನ್ನು ಬಿಡಿಸಿಕೊಳ್ಳುವ ಕೆಲಸ ಕೇಳಿದವರದ್ದು. ಹಳೆಯ ಕಂಪ್ಯೂಟರು ಬಿಡಿಸಿ ತೋರಿಸುತ್ತಿತ್ತು. ಹೊಸದು ಬಿಡಿಸುತ್ತಿರಲಿಲ್ಲ. ಬೋರ್ಡಿನ ಸಂಖ್ಯೆ ಒಂದು ಹೆಚ್ಚಾದರೆ ನಿಜವಾದ ಎಣಿಕೆ ಸುಮಾರು ಎರಡೂಮುಕ್ಕಾಲು ಪಟ್ಟಾಗುತ್ತದೆ. ಎರಡು ಪಾಯಿಂಟ್ ಮೂರು ಎಂದರೆ ಹತ್ತು. ಸಿಮೆಂಟಿನಿಂದ ಏನೂ ಆಗಿರಲಿಲ್ಲ. ಕಲ್ಲು ತಣ್ಣಗಾಗಿದೆ ಎಂದುಕೊಂಡು ಆಮೇಲೆ ನೀರು ಹೆಚ್ಚಿಸುತ್ತ ಬಂದಿದ್ದರು. ಇವತ್ತು ಬೋರ್ಡಿನ ಮೇಲೆ ಮೂರು ಪಾಯಿಂಟ್ ಒಂದು ಇತ್ತು.

"ಎಷ್ಟಾಗತ್ತೆ ಅಕ್ಕ?" ನಫೀಸಾಳ ದನಿ ಸಣ್ಣದಾಗಿತ್ತು.

"ಇಪ್ಪತ್ತೆರಡು."

ಚಲಪತಿಯವರು ಕೋಣೆಯ ಗೋಡೆಗೆ ಊರಿನ ಹೊಸ ನಕ್ಷೆ ಅಂಟಿಸುತ್ತಿದ್ದರು. ಎರಡನೇ ಹಂತಕ್ಕೆ ನೀರು ಇನ್ನಷ್ಟು ಹೆಚ್ಚುತ್ತದೆ. ಅದರ ಜೊತೆಗೆ ನಾಲ್ಕನೇ ಲೈನು, ಫುಟ್‌ಬಾಲ್ ಮೈದಾನ. ಎಸ್ತರ್ ಹೇಳಿದ್ದನ್ನು ಕೇಳಿದರು. ಆಮೇಲೆ ಕುರ್ಚಿಯಲ್ಲಿ ಕುಳಿತರು.

"ಆ ಪ್ರಶ್ನೆ ಬರೆದವನು ನಾನೇ ಕಣಮ್ಮ. ಮೊದಲ ತಂಡದವರು ಯಾರೂ ಉಳಿದಿರಲಿಲ್ಲ. ಮಾದರಿಯನ್ನ ಕೇಳ್ದೆ, ಹೌದು ಅಂತು. ಅಲ್ಲಿಗೆ ಬಿಟ್ಟೆ." ನಕ್ಷೆಯ ಕಡೆ ತಿರುಗಿ, "ನೀನು ಹೇಳೋದೂ ಒಂದು ಲೆಕ್ಕ ತಾನೇ? ಮಾದರಿಯೇ ಹಳೇದಾಗಿರಬಹುದು. ಲೆಕ್ಕ ನಂಬಿಕೊಂಡು ಜನರನ್ನ ಎಬ್ಬಿಸಲಾ? ಒಂದು ಸಲ ಎಬ್ಬಿಸಿದ್ದಾಗಿದೆ ಅವರನ್ನ."

"ಹಂಗಾದ್ರೆ ಕೇಳಿಸ್ಕೊಳ್ಳೋಣ ಸಾರ್. ಹಳೇ ಗಾಳಿ ಶಾಫ್ಟಲ್ಲಿ ನೀರಿಲ್ಲ. ಅದರೊಳಗೆ ಹೊಸ ಉಪಕರಣ ಒಂದು ಇಳಿಸೋಣ. ಬಂಡೆ ಏನು ಹೇಳತ್ತೋ ಅದನ್ನೇ ನಂಬೋಣ."

ಅವರು ತಲೆಯಾಡಿಸಿದರು. ಉಪಕರಣ ಬೆಂಗಳೂರಿನಿಂದ ಬರಬೇಕು. ಅಲ್ಲಿಯವರೆಗೆ ನೀರು ಹೆಚ್ಚಿಸುವುದು ಬೇಡ, ಯಾರಿಗೂ ಹೇಳುವುದೂ ಬೇಡ ಎಂದಾಯಿತು.

ಎಸ್ತರ್ ಮನೆಗೆ ಬಂದಾಗ ಮೂರನೇ ಲೈನಿನ ಜಗಲಿಯಲ್ಲಿ ಹೌಸಿ ನಡೆದಿತ್ತು. ಕ್ಲಬ್ಬು ಇನ್ನೂ ರಿಪೇರಿಯಾಗಿರಲಿಲ್ಲ. ಆದರೆ ಶನಿವಾರ ಬಿಡುವುದುಂಟೇ? ಜಪಮಾಲಮ್ಮ ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಚೀಟಿ ಎತ್ತಿ ನಂಬರು ಕೂಗುತ್ತಿದ್ದಳು. ಸುತ್ತ ಹತ್ತಾರು ಹೆಂಗಸರು, ನಡುವೆ ಹುರಿದ ಕಡಲೆಕಾಯಿ. ಒಬ್ಬಳು ಗೆದ್ದು ಕೂಗಿದಳು, ಉಳಿದವರು ಮೋಸ ಎಂದು ಗಲಾಟೆ ಮಾಡಿದರು. ಎಸ್ತರ್ ಹೊಸೂರಿನ ಮನೆಯಲ್ಲಿ ಕಲ್ಪಿಸಿಕೊಳ್ಳುತ್ತಿದ್ದ ಊರು ಇದೇ. ಅತ್ತೆಯ ಮಾತಿನಲ್ಲಿ ಕೇಳಿದ್ದ ನಗು ಇದೇ. ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ, ಒಳಗೆ ಹೋಗಿ ಮಂಚದ ಮೇಲೆ ಕುಳಿತಳು.

ಆಟ ಮುಗಿಸಿ ಜಪಮಾಲಮ್ಮ ಒಳಗೆ ಬಂದಳು. "ಏನಾಯ್ತು? ಮುಖ ಯಾಕೆ ಹಿಂಗಿದೆ?"

"ಏನಿಲ್ಲ ಅತ್ತೆ."

"ನಿನ್ನ ಹಾಲ್ಕುಡಿಯೋವಾಗಿಂದ ನೋಡಿದೀನಿ. ಹೇಳು."

ಎಸ್ತರಿಗೆ ಮುಚ್ಚಿಡಲಾಗಲಿಲ್ಲ. ಲಾಗರಿದಮ್ ಗೊಡವೆ ಬಿಟ್ಟು ಹೇಳಿದಳು: ಬೋರ್ಡು ಮೂರು ಅಂತ ತೋರಿಸುತ್ತಿದೆ, ನಿಜಕ್ಕೂ ಇಪ್ಪತ್ತೆರಡು ಇರಬಹುದು. ಕೆಳಗೆ ಬಂಡೆ ಸಿಡಿಯುತ್ತಲೇ ಇರಬಹುದು.

ಜಪಮಾಲಮ್ಮ ಅವಳ ಪಕ್ಕ ಕುಳಿತು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿದಳು. ತುಂಬ ಹೊತ್ತು ಸುತ್ತಿದಳು.

"ಸಿಡೀತಿದೆ ಮಗಳೇ. ನಮಗೆ ಗೊತ್ತು."

"ಅಂದ್ರೆ?"

"ಪೊಂಗಲ್ ಹಬ್ಬದ ಆಚೆಗೆ ಶುರುವಾಯ್ತು. ನೀನು ಕೆಲಸಕ್ಕೆ ಹೋಗಿರ್ತೀಯ. ಮಧ್ಯಾಹ್ನ ಪಂಪು ಜೋರಾದಾಗ ಲೋಟ ಸದ್ದು ಮಾಡ್ತವೆ. ಮೊದಲ್ನೇ ದಿನ ನಾನು, ಪಕ್ಕದ್ಮನೆ ರೆಜಿನಾ, ಇಬ್ಬರೂ ಹೊರಗೆ ಬಂದು ಮುಖ ಮುಖ ನೋಡ್ಕೊಂಡ್ವಿ. ಹೆದರಿಕೆಯಾಗ್ಲಿಲ್ಲ ಕಣೆ. ಸಂತೋಷವಾಯ್ತು. ನಮ್ಮಪ್ಪ ಕೆಳಗೆ ಪಾಳಿಯಲ್ಲಿದಾನೆ ಅನ್ನಿಸ್ತು."

"ಯಾಕೆ ಹೇಳ್ಲಿಲ್ಲ ಅತ್ತೆ? ಯಾರಾದ್ರೂ ಒಬ್ರು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಎಬ್ಬಿಸ್ತೀರಲ್ಲ!" ಜಪಮಾಲಮ್ಮನ ದನಿ ಏರಿತು. "ಲೈನಿನವರೆಲ್ಲ ಸೇರಿ ಮಾತಾಡ್ಕೊಂಡ್ವಿ. ಯಾರೂ ಬಾಯಿ ಬಿಡಬಾರದು ಅಂತ. ಹೊಸೂರಲ್ಲಿ ನಲವತ್ತು ವರ್ಷ ಇದ್ದೆ, ಒಂದು ದಿನಾನೂ ಅದು ನನ್ನ ಮನೆ ಅನ್ನಿಸ್ಲಿಲ್ಲ. ಮನೆ ಓನರು ಗೋಡೆಗೆ ಮೊಳೆ ಹೊಡಿಯಕ್ಕೂ ಬಿಡ್ತಿರ್ಲಿಲ್ಲ. ಇಲ್ಲಿ ಬಂದು ಮೂರು ಮೊಳೆ ಹೊಡ್ದಿದೀನಿ ನೋಡು."

ಎಸ್ತರ್ ನೋಡಿದಳು. ಏಸುವಿನ ಪಟ, ಅತ್ತೆಯ ಅಪ್ಪನ ಪಟ, ಕ್ಯಾಲೆಂಡರು. ಅವಳಿಗೆ ಕೋಪ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಅತ್ತೆಯ ಕೈ ಹಿಡಿದು ಕುಳಿತಳು.

ಉಪಕರಣ ಬಂತು. ಗಾಳಿ ಶಾಫ್ಟಿನ ಬಾಯಿಯ ಬಳಿ ಚಲಪತಿ, ಎಸ್ತರ್, ನಫೀಸಾ ಮೂವರೂ ಬಿಸಿಲಿನಲ್ಲಿ ನಿಂತು ಕೇಬಲ್ಲನ್ನು ಕೆಳಗೆ ಬಿಟ್ಟರು. ಮರುದಿನ ಅದೇ ಹೊತ್ತಿಗೆ ಒಂದು ದಿನದ ಎಣಿಕೆ ಸಿಕ್ಕಿತು. ಇಪ್ಪತ್ತೆರಡು ಇರಲಿಲ್ಲ, ಇಪ್ಪತ್ತಾರಿತ್ತು.

ಚಲಪತಿ ಆ ಸಂಖ್ಯೆಯನ್ನು ಎರಡೆರಡು ಸಲ ಓದಿದರು. "ನಮ್ಮಪ್ಪ ಹೇಳೋರು, ಕೆಳಗಿರೋ ಜನ ಮೇಲೆ ಬರೋವರ್ಗೂ ತೊಟ್ಟಿಲಿನ ಬ್ರೇಕ್ ಮೇಲಿಂದ ಕೈ ತೆಗೀತಿರ್ಲಿಲ್ಲ ಅಂತ. ನಾನು ಕೈ ತೆಗೆದುಬಿಟ್ಟಿದ್ದೆ ಎಸ್ತರ್."

"ಈಗ ಹಿಡೀರಿ ಸಾರ್."

ಹಿಡಿದರು. ನೀರನ್ನು ಒಮ್ಮೆಲೇ ನಿಲ್ಲಿಸುವಂತಿರಲಿಲ್ಲ. ಒತ್ತಡ ತಟ್ಟನೆ ಬದಲಾದರೆ ಅದೇ ಬಂಡೆಯನ್ನು ಒಡೆಯಬಹುದು. ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಬೇಕು. ಅಷ್ಟರೊಳಗೆ ಮೂರನೇ ಲೈನು ಖಾಲಿಯಾಗಬೇಕು. ಗುಡ್ಡದ ಮೇಲಿನ ಶಾಲೆಯಲ್ಲಿ ಇರಲು ವ್ಯವಸ್ಥೆ ಮಾಡಿದರು.

ಹೇಳಲು ಚಲಪತಿಯವರೇ ಲೈನಿಗೆ ಬಂದರು. ಜನ ಮಾತು ಮುಗಿಯುವ ಮೊದಲೇ ಎದ್ದರು. "ಅವತ್ತೂ ಹಿಂಗೇ ಹೇಳಿ ಕಳ್ಸಿದ್ರು, ಸ್ವಲ್ಪ ದಿನ ಅಂತ!" ಎಂದು ರೆಜಿನಾಳ ಗಂಡ ಕೂಗಿದ. "ಲೋಟ ಅಲ್ಲಾಡಿದ್ರೆ ಏನ್ಸಾರ್? ನಮ್ಮಜ್ಜಿ ಕಾಲ್ದಿಂದ ಅಲ್ಲಾಡ್ತಿದೆ." ಎಸ್ತರ್ ಮುಂದೆ ಬಂದು ಎಣಿಕೆ, ಮಟ್ಟ ಎಂದು ಏನೇನೋ ವಿವರಿಸಿದಳು. ಯಾರ ಕಿವಿಗೂ ಬೀಳಲಿಲ್ಲ.

ಆಗ ಜಪಮಾಲಮ್ಮ ಮನೆಯೊಳಗಿಂದ ಬಂದಳು. ಕಂಕುಳಲ್ಲಿ ಅಪ್ಪನ ಪಟವಿತ್ತು.

"ರೆಜಿನಾ, ಅಜ್ಜಿ ಕಾಲದಲ್ಲಿ ಲೋಟ ಅಲ್ಲಾಡಿದ ದಿನ ನಾವೇನ್ ಮಾಡ್ತಿದ್ವಿ ಹೇಳು. ಶಾಫ್ಟಿನ ಹತ್ರ ಓಡ್ತಿದ್ವಿ. ಯಾರು ಮೇಲೆ ಬಂದ್ರು, ಯಾರು ಬರ್ಲಿಲ್ಲ ಅಂತ ನಿಂತು ನೋಡ್ತಿದ್ವಿ. ನಮ್ಮಪ್ಪ ಒಂದಿನ ಬರ್ಲಿಲ್ಲ." ಅವಳು ಪಟವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು. "ನಾನು ಅದನ್ನ ಮರ್ತುಬಿಟ್ಟಿದ್ದೆ. ಬನ್ನು, ಹೌಸಿ ಇಷ್ಟೇ ನೆನಪಿಟ್ಕೊಂಡಿದ್ದೆ. ಎಸ್ತರಿಗೆ ಹೇಳಿದ್ದೂ ಅಷ್ಟೇ. ನಾನು ಹೊರಟೆ. ಬರೋರು ಬನ್ನಿ."

ಅವಳು ಗುಡ್ಡದ ದಾರಿ ಹಿಡಿದಳು. ಎಸ್ತರ್ ಹಿಂದೆ ಓಡಿ ಪಟವನ್ನು ತೆಗೆದುಕೊಳ್ಳಲು ಹೋದರೆ ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ರೆಜಿನಾ ಒಲೆ ಆರಿಸಿ, ಸಾರಿನ ಪಾತ್ರೆ ಹಿಡಿದುಕೊಂಡು ಹಿಂದೆ ಬಂದಳು. ಅವಳ ಹಿಂದೆ ಅವಳ ಗಂಡ ಬೈಯುತ್ತಲೇ ಬಂದ. ಸಂಜೆಯ ಹೊತ್ತಿಗೆ ಲೈನು ಖಾಲಿಯಾಗಿತ್ತು.

ಶಾಲೆಯ ಬೆಂಚುಗಳನ್ನು ಜೋಡಿಸಿ ಮಲಗುತ್ತ, ಒಂದೇ ನಲ್ಲಿಗೆ ಸಾಲು ನಿಲ್ಲುತ್ತ, ಜನ ಎಸ್ತರಳನ್ನು ಕಂಡರೆ ಮುಖ ತಿರುಗಿಸುತ್ತ ದಿನ ಕಳೆದರು. ನೀರು ಇಳಿಯುತ್ತ ಬಂತು. ಬೋರ್ಡಿನ ಮೇಲೆ ಈಗ ಸರಿಯಾದ ಸಂಖ್ಯೆ ಬರುತ್ತಿತ್ತು: ಇಪ್ಪತ್ತು, ಹದಿನೇಳು, ಹದಿನಾಲ್ಕು. ಇನ್ನೇನು ಹನ್ನೆರಡಕ್ಕೆ ಇಳಿಯುತ್ತದೆ, ವಾಪಸು ಹೋಗಬಹುದು ಎಂದು ನಫೀಸಾ ಎಲ್ಲರಿಗೂ ಹೇಳಿಕೊಂಡು ಓಡಾಡಿದಳು.

ಭಾನುವಾರದ ಪೂಜೆ ಮುಗಿದು ಶಾಲೆಯ ಅಂಗಳದಲ್ಲಿ ಊಟಕ್ಕೆ ಕೂತಿದ್ದಾಗ ನೆಲ ಒಮ್ಮೆ ಗುದ್ದಿತು. ಎಲ್ಲೋ ಕೆಳಗಿನಿಂದ ಭಾರವಾದ ಏನೋ ಬಂದು ಪಾದಗಳಿಗೆ ಬಡಿದಂತಾಯಿತು. ಎಲ್ಲರೂ ಅಂಗಳದ ಅಂಚಿಗೆ ಓಡಿದರು. ಮೂರನೇ ಲೈನಿನ ತಗಡಿನ ಸೂರು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಲೆಯಂತೆ ಬಾಗಿ, ಗೋಡೆಗಳು ಒಂದರ ಮೇಲೊಂದು ಒರಗಿದವು. ಸದ್ದು ಆಮೇಲೆ ಬಂತು. ಧೂಳು ಎದ್ದು ಎಲ್ಲವನ್ನೂ ಮುಚ್ಚಿತು. ತಾಯಂದಿರು ಮಕ್ಕಳ ತಲೆ ಮುಟ್ಟಿ ಮುಟ್ಟಿ ನೋಡಿಕೊಂಡರು. ಎಲ್ಲರೂ ಇದ್ದರು.

ಕೇಂದ್ರದಿಂದ ಚಲಪತಿ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದರು. ಬಂದವರು ಜನರ ಮುಖ ನೋಡಲಾರದೆ ಕೆಳಗೆ ನೋಡುತ್ತ ನಿಂತರು. ರೆಜಿನಾಳ ಗಂಡ ಅವರಿಗೆ ನೀರು ತಂದುಕೊಟ್ಟ.

ಆ ಮಳೆಗಾಲದ ಹೊತ್ತಿಗೆ ಕೇಂದ್ರ ಅರ್ಧದಷ್ಟು ನೀರಿನಲ್ಲಿ ಮತ್ತೆ ಶುರುವಾಯಿತು. ಗುಡ್ಡದ ಮೇಲಿನ ಎರಡು ಲೈನುಗಳು ಉಳಿದವು, ಮೂರನೇ ಲೈನಿನವರಿಗೆ ಅವುಗಳ ಹಿಂದೆ ಹೊಸ ಮನೆಗಳೂ ಆದವು. ಎರಡನೇ ಹಂತ ಮಾತ್ರ ಆಗಲಿಲ್ಲ. ಚಲಪತಿ ತಮ್ಮ ಕೋಣೆಯ ನಕ್ಷೆಯನ್ನು ತಾವೇ ತೆಗೆದರು.

ಆದರೆ ಆ ಭಾನುವಾರ ಧೂಳು ಇಳಿಯಲು ತುಂಬ ಹೊತ್ತು ಹಿಡಿಯಿತು. ಇಳಿದಾಗ ಕೆಳಗೆ ಕಂಡದ್ದು ಇಟ್ಟಿಗೆಯ ಒಂದು ಉದ್ದನೆಯ ರಾಶಿ. ಯಾವ ಬಾಗಿಲು ಎಲ್ಲಿತ್ತೆಂದು ತಿಳಿಯುವಂತಿರಲಿಲ್ಲ. ಮೂವತ್ತು ವರ್ಷದ ಒಬ್ಬ ಯುವಕ, ಬೆಂಗಳೂರಿನಲ್ಲಿ ಹುಟ್ಟಿ ಹೋದ ವರ್ಷವಷ್ಟೇ ಇಲ್ಲಿಗೆ ಬಂದವನು, ಅಂಗಳದ ಅಂಚಿನಲ್ಲಿ ಜಪಮಾಲಮ್ಮನ ಪಕ್ಕ ಬಂದು ನಿಂತ.

"ಅಜ್ಜಿ, ನಮ್ಮನೆ ಎಲ್ಲಿತ್ತು?"

ಜಪಮಾಲಮ್ಮ ಕಣ್ಣು ಕಿರಿದುಮಾಡಿ ನೋಡಿ ಬೆರಳು ಚಾಚಿದಳು. "ಅಗೋ, ಆ ಬೇವಿನ ಮರದಿಂದ ಈಚೆ. ನಿಮ್ಮ ತಾತ ಅಲ್ಲೇ ಕೂತು ಫುಟ್‌ಬಾಲ್ ಬೂಟಿಗೆ ಎಣ್ಣೆ ಹಚ್ತಿದ್ದ."

"ನಮ್ದು ಅಜ್ಜಿ?" ಎಂದು ಇನ್ನೊಬ್ಬಳು ಕೇಳಿದಳು. ಜಪಮಾಲಮ್ಮ ಬೆರಳನ್ನು ಸ್ವಲ್ಪ ಬಲಕ್ಕೆ ಸರಿಸಿದಳು. ಒಬ್ಬೊಬ್ಬರೇ ಹತ್ತಿರ ಬಂದರು. ಚಲಪತಿಯವರೂ ಬಂದು ಮಕ್ಕಳ ಹಿಂದೆ ನಿಂತರು. ತಂದೆಯ ಮನೆ ಎಲ್ಲಿತ್ತೆಂದು ಕೇಳುವ ಸರದಿ ಬರುವವರೆಗೂ ಕಾದರು.